ರಸೀದಿಯ ಹಿಂಬದಿ

ರೂವಿಯ ಈ ಹಿಂದಿನ ಗಲ್ಲಿಯಲ್ಲಿ ಹತ್ತೊಂಬತ್ತು ವರ್ಷ
ಬೇರೆಯವರ ಪೆಟ್ಟಿಗೆ ತೂಗಿದ್ದೇನೆ.
ಕಂಬಳಿ, ಹಾಲಿನ ಪುಡಿ, ನೋವಿನೆಣ್ಣೆ, ಮಗುವಿನ ಸೈಕಲ್ಲು.
ಕೈಯಲ್ಲೆತ್ತಿದರೆ ಸಾಕು, ಹೇಳಿಬಿಡುತ್ತೇನೆ
ಮೂವತ್ತೊಂದೂ ಕಾಲು.
ಮುಳ್ಳು ಆಮೇಲೆ ಬಂದು ಒಪ್ಪಿಕೊಳ್ಳುತ್ತದೆ.

ಈಗ ನನ್ನ ಚೀಲ.
ಏಳು ಕಿಲೋ. ಅಗ್ಗದ ವಿಮಾನಗಳು
ಪುಕ್ಕಟೆ ಹೊರುವುದು ಅಷ್ಟೇ.
ಎರಡು ಅಂಗಿ, ಒಂದು ಪ್ಯಾಂಟು, ತೊಟ್ಟದ್ದು ಲೆಕ್ಕಕ್ಕಿಲ್ಲ.
ಲುಂಗಿ ಒಂದು: ಹೊದೆಯಲು, ಒರೆಸಲು, ಕಿಟಕಿಗೆ ಕಟ್ಟಲು.
ಅವಲಕ್ಕಿ ಒಂದು ಕಿಲೋ, ಬೆಲ್ಲ ಕಾಲು.
ಮೇಲಿನ ಮಂಚದಿಂದ ಶಾಬುದ್ದೀನ ನಗುತ್ತಾನೆ:
"ಬೊಮ್ಮಯ್ಯ ಭಾಯ್, ಹೊರಟದ್ದು ಪ್ರಪಂಚ ಸುತ್ತಲಿಕ್ಕೋ,
ಪಕ್ಕದ ಮನೆಗೋ?"

ಹಣದ ಮಾತು.
ಇಪ್ಪತ್ತೆಂಟಕ್ಕೆ ಕಂಪನಿ ಎಣಿಸಿಕೊಡುವ ಗ್ರಾಚ್ಯುಯಿಟಿ,
ಚೀಟಿ ಎತ್ತಿದ್ದು, ಕೈಗಡ ಕೊಟ್ಟದ್ದರಲ್ಲಿ ವಾಪಸು ಬಂದದ್ದು,
ತಂಗಿಯ ಮಗಳ ಫೀಸು ತೆಗೆದಿಟ್ಟ ಮೇಲೆ
ಎರಡು ಸಾವಿರದ ನಾನೂರು ರಿಯಾಲ್.
ಟಿಕೆಟ್ಟು, ವೀಸಾ, ವೀಸಾಕ್ಕೆ ಫೋಟೋ, ಸಾವಿರದ ಮುನ್ನೂರು.
ಉಳಿದದ್ದು ಇನ್ನೂರು ದಿನಕ್ಕೆ ಹಂಚಿದರೆ
ದಿನಕ್ಕೆ ಐದೂವರೆ.
ಐದೂವರೆಯಲ್ಲಿ ಊಟವಾಗುತ್ತದೆ.
ಮಲಗುವುದು ಆಗುವುದಿಲ್ಲ.

ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ.
ಪೆಟ್ಟಿಗೆಗಳ ಮೇಲೆ ವಿಳಾಸ ಬರೆದದ್ದೂ ನಾನೇ ಅಲ್ಲವೇ,
ದಪ್ಪ ಮಾರ್ಕರಿನಲ್ಲಿ, ನಾಲ್ಕೂ ಮಗ್ಗುಲಿಗೆ?
ಬರೆಯಲು ಬಾರದವರು ಬರೆಸಿದರು, ಬರುವವರೂ ಬರೆಸಿದರು,
ನನ್ನ ಅಕ್ಷರ ಉಪ್ಪುನೀರಿಗೂ ಜಗ್ಗುವುದಿಲ್ಲವೆಂದು.
ಸಿಲ್ಹೆಟ್ಟಿನಲ್ಲಿ ಮಸೀದಿಯ ಎಡಕ್ಕೆ ಮೂರನೆಯ ಮನೆ.
ಝಾಪಾದಲ್ಲಿ ಚಹಾತೋಟದ ಗೇಟಿನೆದುರು, ಧನಮಾಯಾಳ ಅಕ್ಕ.
ಸೆಬುವಿನಲ್ಲಿ ರೊವೆನಾಳ ತಾಯಿ, ಹಂದಿ ಸಾಕುವವಳು,
ಯಾರನ್ನು ಕೇಳಿದರೂ ತೋರಿಸುತ್ತಾರಂತೆ.
ಬಾಗಿಲು ತಟ್ಟಿ ಕೇಳುತ್ತೇನೆ:
ಒಂದು ಕಂಬಳಿ ಬಂದಿತ್ತೇ, ಹುಲಿಯ ಚಿತ್ರದ್ದು, ಆರೂವರೆ ಕಿಲೋ?
ಬಂದಿದ್ದರೆ ಆ ಹುಲಿಯ ಮೇಲೆ ಒಂದು ರಾತ್ರಿ.

ಸೆಬುವಿನಿಂದಾಚೆ ನನ್ನ ಲೆಡ್ಜರಿನಲ್ಲಿ ಬರೀ ನೀರು.
ಅಲ್ಲಿ ಯಾರೂ ಯಾರಿಗೂ ಏನೂ ಕಳಿಸಿಲ್ಲ.
ಮತ್ತೆ ಒಂದೇ ಒಂದು ವಿಳಾಸ: ಕಯ್ಯಾವೋ, ಪೆರು.
ಹಡಗಿನ ಅಡುಗೆಯವ, ವಿಲ್ಮರ್ ಅಂತ, ಒಮ್ಮೆ ಮಾತ್ರ ಬಂದಿದ್ದ,
ಕೆಂಪು ಬೂಟು ಒಂದು ಜೊತೆ, ಅಂಗೈಯಷ್ಟು.
ಇನ್ನೂರು ಬೈಸಾ ಸಾಲದೆ ಹೋದಾಗ ನಾನು ಹಾಕಿದ್ದೆ.
ಆ ಇನ್ನೂರು ಬೈಸಾದ ಧೈರ್ಯದ ಮೇಲೆ
ಇಡೀ ಪೆಸಿಫಿಕ್ ದಾಟುವ ಯೋಚನೆ.
ಆ ಬೂಟಿಗೆ ಈಗ ಮೀಸೆ ಬಂದಿರಬಹುದು.

ಇಷ್ಟೆಲ್ಲ ಬರೆದ ಮೇಲೆ ನೆನಪಾಯಿತು,
ಅಟ್ಟದ ಮೇಲೆ ಒಂದು ಪೊಟ್ಟಣ ಇದೆ.
ದೆಸ್ಸಿಯೆ, ಇಥಿಯೋಪಿಯಾ. ಆರು ವರ್ಷದ ಹಿಂದೆ
ಹೋದ ಹಾಗೆ ವಾಪಸು ಬಂತು, ವಿಳಾಸದಾರರಿಲ್ಲವೆಂದು.
ಕಳಿಸಿದ ತಿಗಿಸ್ತ್‌ಳೂ ಸಿಗಲಿಲ್ಲ. ಫೋನು ಬಂದ್.
ಅವಳು ಕೆಲಸಕ್ಕಿದ್ದ ಮನೆಯವರು ಹೇಳಿದರು, ಹೋದಳು.
ಎಲ್ಲಿಗೆ? ಅಂದರೆ
ಗೇಟು ಹಾಕಿಕೊಂಡರು.

ಇಳಿಸಿ ಧೂಳು ಒರೆಸಿದೆ. ಬಿಚ್ಚಲಿಲ್ಲ.
ಕೈಯಲ್ಲೆತ್ತಿದೆ. ಈ ಸಲ ನನಗೆ ಹೇಳಲಾಗಲಿಲ್ಲ,
ಮುಳ್ಳನ್ನೇ ಕೇಳಬೇಕಾಯಿತು.
ಎರಡು ಕಿಲೋ ಒಂಬೈನೂರು.

ಅವಲಕ್ಕಿ ತೆಗೆದೆ, ಬೆಲ್ಲ ತೆಗೆದೆ.
ಒಂದು ಅಂಗಿ ತೆಗೆದೆ. ಇನ್ನೂ ಮುನ್ನೂರು ಗ್ರಾಂ ಹೆಚ್ಚು.
ಪ್ಯಾಂಟನ್ನು ಒಂದರ ಮೇಲೊಂದು ಹಾಕಿಕೊಂಡರಾಯಿತು ಎಂದ ಶಾಬುದ್ದೀನ.
ಈಗ ಅವನು ನಗುತ್ತಿರಲಿಲ್ಲ.

ಆಫ್ರಿಕಾದಿಂದ ಊರಿಗೆ ಅಗ್ಗದ ದಾರಿ
ಮಸ್ಕತ್ತಿನ ಮೇಲೆಯೇ ಬರುತ್ತದೆ, ಏನು ಮಾಡಲಿ.
ಅಷ್ಟರಲ್ಲಿ ನನ್ನ ಕೆಲಸದ ವೀಸಾ ಸತ್ತಿರುತ್ತದೆ.
ರಸೀದಿಯ ಹಿಂಬದಿ ಕೊನೆಯಲ್ಲಿ ಹೀಗೆ ಬರೆದೆ:

ರೂವಿ. ಹತ್ತು ದಿನ. ಪ್ರವಾಸಿ.
ಮಲಗಲು: ಶಾಬುದ್ದೀನನ ಕೆಳಗಿನ ಮಂಚ, ಖಾಲಿ ಇದ್ದರೆ.
ನೋಡಲು: ಮತ್ರಾ ಕೋಟೆ. ಇದುವರೆಗೆ ಬಸ್ಸಿನಿಂದ ನೋಡಿದ್ದು.
ಮೇಲೆ ಹತ್ತಲು ಟಿಕೆಟ್ಟು ಎಷ್ಟೋ,
ವಿಚಾರಿಸಬೇಕು.