ಯಾವಾಗ ಬಿತ್ತು

ಶಹಾಪುರ ಅಗಸಿಯ ಒಳಗೆ, ಮಸೀದಿಯ ಬಾವಿಯಲ್ಲಿ
ಪಾರಿವಾಳ ತೇಲಿತ್ತು. ಉಬ್ಬಿತ್ತು.
ಬಿದ್ದದ್ದನ್ನು ಕಂಡವರಿಲ್ಲ.

ಮುನೀರ್ ಚಾಚಾ ಫಿಕ್ಹಿನ ಹಳೇ ಹೊತ್ತಿಗೆ ಬಿಚ್ಚಿದರು:
ಉಬ್ಬಿರದಿದ್ದರೆ ಒಂದು ಹಗಲು, ಒಂದು ರಾತ್ರಿ.
ಉಬ್ಬಿದ್ದರೆ ಮೂರು.
ಅಷ್ಟೂ ಹೊತ್ತಿನ ನಮಾಜು ಮತ್ತೆ ಮಾಡಬೇಕು.
ಇದು ಇಮಾಮರ ಮಾತು. ಶಿಷ್ಯರಿಬ್ಬರು ಒಪ್ಪಲಿಲ್ಲ:
ಕಂಡ ಗಳಿಗೆಯಿಂದಷ್ಟೇ ಮೈಲಿಗೆ.
ಸತ್ತ ಹಕ್ಕಿಯನ್ನು ಹದ್ದೊಂದು ಬಾವಿಗೆ ಕೆಡವಿದ್ದನ್ನು
ಒಬ್ಬ ಕಣ್ಣಾರೆ ಕಂಡಿದ್ದನಂತೆ.

"ನೀ ಹೇಳು ಸಫೂರಾ, ನಿಮ್ಮ ಲ್ಯಾಬು ಏನಂತದ?"

ಬಾಟಲಿ ತುಂಬಿದೆ, ಒಂದು ದಿನ ಕಾದೆ, ಎಣಿಸಿದೆ.
ಈಗ ಎಷ್ಟು ಕೆಟ್ಟದ ಹೇಳತೀನಿ ಚಾಚಾ,
ಎಂದಿನಿಂದ ಅಂತ ಹೇಳಲಾರೆ.
ಏಪ್ರಿಲ್ ಬಿಸಿಲಿಗೆ ಒಂದೇ ದಿನಕ್ಕೆ ಉಬ್ಬೀತು,
ಕರಿಕಲ್ಲಿನ ನೆರಳಿಗೆ ನಾಕು ದಿನ ಬೇಕಾದೀತು.
"ಹಂಗಾರ ನಿಮ್ಮಲ್ಲೂ ಅದ ಜಗಳ ಅನ್ನು" ನಕ್ಕರು.

ಸೆಲೆ ಬತ್ತದ ಬಾವಿಗೆ ಇನ್ನೂರು ಬಕೀಟು ತೆಗೆದರೆ ಸಾಕು.
ಇನ್ನೂರೇ ಯಾಕೆ?
ಬಗ್ದಾದಿನ ಬಾವಿಗಳಲ್ಲಿ ಅಷ್ಟು ನೀರಿತ್ತಂತೆ.
ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು
ಚಾಚಾ ತಾವೇ ಆಳ ಅಳೆದರು, ಲೆಕ್ಕ ತಿದ್ದಿದರು:
ಹನ್ನೊಂದು ನೂರು.
ಹುಡುಗರು ಮೋಟಾರು ಹಚ್ಚಿದರು.

ಮೂರು ದಿನ ಎಂಬುದು ಚಾಚಾನ ಬಾಯಿತನಕ ಬಂದಿತ್ತು.
ಗಾದಿ ಹೊಲಿಯುವ ಲಾಡಸಾಬ ನದಾಫ ಎದ್ದ.
"ಮೊನ್ನೆ ನಮ್ಮಾಕಿಗೆ ಕಡೀ ಜಳಕ ಮಾಡಿಸಿದ್ದು
ಇದೇ ನೀರಲ್ರಿ."
ಮತ್ತೇನೂ ಕೇಳಲಿಲ್ಲ. ಕೂತ.

ಮೋಟಾರು ನಿಂತಿತ್ತು.
ಕೆಳಗೆ ಸೆಲೆ ಜಿನುಗುವುದು ಕೇಳುತ್ತಿತ್ತು.

ಪುರಾವೆ ಅದೇ, ಹೊಸದೇನಿಲ್ಲ: ಒಂದು ಹಕ್ಕಿ, ಅದರ ಹೊಟ್ಟೆ.
ಚಾಚಾ ಶಿಷ್ಯರ ಕಡೆ ವಾಲಿದರು.
"ಖಾತ್ರಿ ಇದ್ದದ್ದನ್ನ ಅನುಮಾನ ಅಳಸೂದಿಲ್ಲ.
ಕಾಣೂತನಕ ನೀರು ಪಾಕ್ ಇತ್ತು.
ಯಾರದೂ ಏನೂ ಕೆಟ್ಟಿಲ್ಲ, ಮನೀಗೆ ನಡೀರಿ."

ನಮ್ಮ ಲ್ಯಾಬಿನಲ್ಲೂ ಒಂದು ಗೆರೆಯಿದೆ,
ಕೆಳಗಿದ್ದರೆ ಕುಡಿಯಬಹುದು, ಮೇಲಾದರೆ ಕೂಡದು.
ನೀರು ಎಳೆದ ಗೆರೆಯಲ್ಲ ಅದು.
ತಪ್ಪಿದರೆ ಯಾರ ಹೊಟ್ಟೆ ನೋಯುತ್ತದೆಂದು
ಯಾರೋ ಕೂತು ಯೋಚಿಸಿದ್ದರು.

ರಾತ್ರಿ ಎರಡಕ್ಕೆ ಬಾಯಾರಿ ಎದ್ದೆ.
ಪಡಸಾಲೆಯಲ್ಲಿ ದೀಪವಿಲ್ಲದೆ ಚಾಚಾ
ನಿಂತಿದ್ದರು, ಬಾಗಿದರು, ಹಣೆ ನೆಲಕ್ಕಿಟ್ಟರು.
ಚಾಪೆಯ ಅಂಚಿಗೆ ಹದಿನೈದು ಹುಣಸೆಬೀಜ:
ಒಂಬತ್ತು ಈ ಕಡೆ,
ಆರು ಇನ್ನೂ ಆ ಕಡೆ.