ಎಂಟು ದಿನದ ಕಾವು

ಮಂಗಳವಾರ ಬೆಳಗ್ಗೆ ಟೇ ಸೇತುವೆ ದಾಟಿ
ಫೈಫ್ ಕಡೆಯ ವ್ಯಾನಿನಲ್ಲಿ ಡಂಡಿಗೆ ಬರುತ್ತವೆ ಮೊಟ್ಟೆ,
ಮೂರು ಡಜನ್. ಒಂದೆರಡಕ್ಕೆ ಹುಲ್ಲಂಟಿರುತ್ತದೆ, ಹಿಕ್ಕೆಯೂ.
ಎಫೀ ರಟ್ರೇ ಒಂದೊಂದನ್ನೂ ಕೆನ್ನೆಗೊತ್ತಿ ನೋಡುತ್ತಾಳೆ:
ಗಾಜಿನ ಬೀಕರು ಒಡೆದು ಕೊಯ್ದ ಅವಳ ಬಲಗೈಯ
ಕೊನೆಯೆರಡು ಬೆರಳಿಗೆ ಬಿಸಿ ತಂಪು ತಿಳಿಯದೆ
ಹನ್ನೊಂದು ವರ್ಷವಾಯಿತು.

ಇಲ್ಲಿ ಕಾವಿಗೆ ಕೂರುವ ಕೋಳಿ ಒಂದು ತಗಡಿನ ಪೆಟ್ಟಿಗೆ.
ಮೂವತ್ತೆಂಟು ಡಿಗ್ರಿ. ಗಂಟೆಗೊಮ್ಮೆ ಮಗ್ಗುಲು ಬದಲಿಸುವ ತಟ್ಟೆ.

ಎಂಟನೆಯ ದಿನ ನನ್ನ ಸರದಿ.
ಕತ್ತರಿಯ ತುದಿಯಲ್ಲಿ ಚಿಪ್ಪಿಗೊಂದು ಕಿಟಕಿ.
ಒಳಗೆ ತಲೆಯ ಮುಕ್ಕಾಲು ತಿಂದ ಕಣ್ಣು,
ರೆಕ್ಕೆಯೆಂದು ಈಗಷ್ಟೇ ಕರೆಯಬಹುದಾದ ಮೊಟಕು,
ಬೆನ್ನುಹುರಿಯ ಎರಡೂ ಬದಿಗೆ ರಾಗಿಕಾಳು ಪೋಣಿಸಿದಂತೆ
ನರಗಂಟುಗಳ ಸಾಲು.
ರಾಗಿ ಎಂದೆ, ದೊಡ್ಡದಾಯಿತು.
ಗಸಗಸೆಯಲ್ಲಿ ಅರ್ಧ.

ಎರಡು ಬಟ್ಟಲು. ಒಂದೇ ಮರಿಯ ಗಂಟು, ಒಂದೇ ಉಪ್ಪುನೀರು.
ಒಂದಕ್ಕೆ ಮಾತ್ರ ಆ ಹನಿ,
ಬಾವಿಗೆ ಒಂದು ಚಿಟಿಕೆ ಹಾಕಿದಷ್ಟು.

ಮರುದಿನ ಸೂಕ್ಷ್ಮದರ್ಶಕದಡಿ
ಹನಿ ಸಿಕ್ಕದ್ದು ಹಾಗೇ ಕೂತಿತ್ತು, ಅಂಚು ಕಪ್ಪಿಟ್ಟು,
ಒಳಗೊಳಗೇ ಮುದುಡಿ.
ಸಿಕ್ಕಿದ್ದು, ಹೇಗೆ ಹೇಳಲಿ,
ಎಣ್ಣೆನೀರಿಗೆ ಮುನ್ನ ಬಿಚ್ಚಿದ ತಲೆಗೂದಲು,
ಎಲ್ಲ ದಿಕ್ಕಿಗೂ ಎಳೆ, ಎಳೆ, ಎಳೆ,
ತುದಿತುದಿಗೂ ಪುಟ್ಟ ಅಂಗೈ ತಡಕುತ್ತ,
ಬಟ್ಟಲಲ್ಲಿ ಹಿಡಿಯಲು ಏನೂ ಇಲ್ಲವೆಂಬುದು
ಗೊತ್ತಾಗದೆ.

ಆ ಹನಿ ಬರುವುದು ಗಂಡಿಲಿಯ ಜೊಲ್ಲುಗ್ರಂಥಿಯಿಂದ.
ಶೀಶೆಯ ಮೇಲಿರುವುದು ಬೇರೆ ಹೆಸರು,
ನಾನು ಓದಿಕೊಳ್ಳುವುದು: ಎಂಜಲು.
ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು
ಮೊಣಕೈಗೆ ಹೊಡೆಯುತ್ತಿದ್ದ ನನ್ನ ಸೋದರತ್ತೆ
ಸೈಕಲ್ಲಿನಿಂದ ಬಿದ್ದು ಬಂದ ದಿನ
ತನ್ನ ಬೆರಳಿಗೆ ತಾನೇ ಉಗುಳು ಹಚ್ಚಿ
ನನ್ನ ಮಂಡಿಗೆ ಒತ್ತಿ ಹಿಡಿದಿದ್ದಳು,
ಬಾಯಲ್ಲಿ ಬೈಗುಳ ನಿಲ್ಲಿಸದೆ.

ಮೊಟ್ಟೆಯೊಳಗೆ ಇಲಿಯಿಲ್ಲ.
ಅಲ್ಲಿ ಚರ್ಮವೇ ಹನಿಯುತ್ತದೆ, ಸ್ನಾಯು ಹನಿಯುತ್ತದೆ,
ತನ್ನತ್ತ ಬರುವ ಎಳೆಗಳಿಗೆ, ಅಳೆದು, ಜಿಪುಣತನದಲ್ಲಿ.
ಬಂದವಕ್ಕೆಲ್ಲ ಸಾಲುವುದಿಲ್ಲ.
ಸಿಗದವು ಸದ್ದಿಲ್ಲದೆ ಸಾಯುತ್ತವೆ, ಸುಮಾರು ಅರ್ಧ.
ಮರಿ ಸರಿಯಾಗೇ ಇರುತ್ತದೆ,
ಅದರಿಂದಲೇ ಸರಿಯಾಗಿರುತ್ತದೆ.
ಇದಕ್ಕೆ ಹೋಲಿಕೆ ಹುಡುಕಬಾರದೆಂದು
ನನಗೆ ನಾನೇ ಹೇಳಿಕೊಂಡಿದ್ದೇನೆ.

ಸಂಜೆ ತಟ್ಟೆ ತೊಳೆಯುತ್ತ ಎಫೀ ಕೇಳಿದಳು:
ಉಳಿದಿದ್ದರೆ ನನ್ನ ಬೆರಳಿಗೂ ಒಂದು ಹನಿ ಬಿಡಬಾರದೆ?
ಹಾಗೆ ಆಗುವುದಿಲ್ಲ, ಎಂದೆ.
ಚುಚ್ಚಿ ಬಿಟ್ಟರೂ ಮೊದಲು ಬರುವುದು ನೋವು.

ನಲ್ಲಿ ನಿಲ್ಲಿಸಿದಳು.
ಎಷ್ಟು ನೋವು, ಎಂದಳು,
ಅಂಗಡಿಯಲ್ಲಿ ಬೆಲೆ ಕೇಳುವ ಹಾಗೆ.