ಛಾಟ

ದೇಶಮಾನೆ ಸರ್ ಹಲಗೆಯ ಮೇಲೆ
ಒಂದು ಚೌಕ ಬರೆದರು, ಒಂದು ದುಂಡು,
ನಡುವೆ ಬಾಣ.
ಮರಾಠಿಯಲ್ಲಿ ಶುರುವಾದ ಮಾತು ಇಂಗ್ಲಿಷಿನಲ್ಲಿ ಮುಗಿಯಿತು;
ನನ್ನ ವಹಿಗೆ ಇಳಿಯುವಾಗ ಕನ್ನಡವಾಗಿತ್ತು:
ಒಳಗ ಬಂದದ್ದು ಹೊರಗ ಹೋಗಲೇಬೇಕು.
ಹೋಗದಿದ್ದರೆ ಆ ದುಂಡಿಗೆ ಕಪ್ಪು ಕುಳಿ ಅಂತಾರೆ,
ಪರೀಕ್ಷೆಯಲ್ಲಿ ಎರಡು ಅಂಕ ನುಂಗ್ತದೆ.

ಸೊಲ್ಲಾಪುರದ ಎಪ್ರಿಲ್.
ಫ್ಯಾನು ಬಿಸಿ ಗಾಳಿಯನ್ನೇ ಹಂಚುತ್ತಿತ್ತು, ಸಮಪಾಲು.
ಪುಸ್ತಕದ ಉದಾಹರಣೆ ಕಾರಿನ ಕಾರ್ಖಾನೆಯದು,
ನಾನು ಕಾರಿನಲ್ಲಿ ಕೂತದ್ದು ಒಮ್ಮೆ, ಅತ್ತಿಯ ಹೆರಿಗೆಗೆ,
ಕಿಟಕಿಯ ಪಕ್ಕ ಕೂಡ ಅಲ್ಲ.

"ನಿಮ್ಮ ಓಣಿಯ ಒಂದು ಸಣ್ಣ ಉದ್ದಿಮೆ ಹಿಡಿಯಿರಿ,
ಅದರ ಲೆಕ್ಕ ಹೇಗೆ ಹರಿಯುತ್ತದೆ, ಬಿಡಿಸಿ ತನ್ನಿ."

ಓಣಿಯ ತುದಿಗೆ ಬೀಡಿ ಬ್ರ್ಯಾಂಚು.
ಎಲೆ ತೂಗುವವನು ಅಂಬಾದಾಸ.
ತಂಬಾಕು ಅಳೆಯುವವನು ಅಂಬಾದಾಸ.
ಸಂಜೆ ಕಟ್ಟು ಹಿಸುಕಿ ನೋಡಿ, ಇದು ಸಡಿಲು, ಇದು ಗಿಡ್ಡ ಎಂದು
ಬದಿಗೆ ಸರಿಸುವವನು,
ಸರಿಸಿದ್ದನ್ನು ಪಾಸ್‌ಬುಕ್ಕಿಗೆ ಏರಿಸುವವನು,
ಶನಿವಾರ ರೊಕ್ಕ ಎಣಿಸಿ ಕೊಡುವವನು.
ಐದು ಚೌಕ ಬರೆದೆ,
ಐದರಲ್ಲೂ ಒಂದೇ ಹೆಸರು ತುಂಬುವಾಗ ನನಗೇ ನಗು ಬಂತು.
ಏಳನೆಯ ಅಧ್ಯಾಯ: ತೂಗುವ ಕೈ, ಬರೆಯುವ ಕೈ, ಕೊಡುವ ಕೈ
ಬೇರೆ ಬೇರೆ ಇರತಕ್ಕದ್ದು.

ಅವ್ವನ ಪಾಸ್‌ಬುಕ್ಕು ತೆರೆದರೆ ಸೀನು ಬರುತ್ತದೆ.
ಅಂಬಾದಾಸ ಬರೆವ ಮರಾಠಿ ನಾಲ್ಕು
ಅವಸರದಲ್ಲಿ ಬಾಯಿ ಮುಚ್ಚಿಕೊಂಡರೆ
ಇಂಗ್ಲಿಷಿನ ಎಂಟು.
ಛಾಟದ ಕಾಲಮ್ಮಿನಲ್ಲಿ ಅದು ಬಾಯಿ ಮುಚ್ಚುತ್ತದೆ.
ಮಜೂರಿಯ ಕಾಲಮ್ಮಿನಲ್ಲಿ ಎಂದೂ ತೆರೆದೇ ಇರುತ್ತದೆ.

ಛಾಟವೆಂದರೆ ಆಯ್ದು ತೆಗೆದ ಬೀಡಿ.
ಅದಕ್ಕೆ ಕೂಲಿಯಿಲ್ಲ. ಅದನ್ನು ಅವ್ವನಿಗೆ ಮರಳಿ ಕೊಡುವುದೂ ಇಲ್ಲ.
ಸುಟ್ಟದ್ದನ್ನು ಯಾರೂ ಕಂಡಿಲ್ಲ.
ಅದರ ಬಾಣವನ್ನು ಚೌಕದಿಂದ ಹೊರಗೆಳೆದೆ,
ಎಳೆದೆ, ಎಳೆದೆ,
ಹಾಳೆಯ ಅಂಚಿಗೆ ಬಂದು ಪೆನ್ಸಿಲ್ಲು ನಿಂತಿತು.

"ಅವ್ವಾ, ಛಾಟ ಎಲ್ಲಿಗ್ ಹೋಗ್ತದ?"
ಕತ್ತರಿ ನಿಲ್ಲಲಿಲ್ಲ.
"ಎಲ್ಲಿಗಂದ್ರ? ಸೇದವರ ಬಾಯಿಗೆ.
ಬೀಡಿ ಮತ್ತ ಇನ್ನೆಲ್ಲಿಗ್ ಹೋಗ್ತದ?"

ಗೊತ್ತಿತ್ತು ಅವಳಿಗೆ, ಇಡೀ ಓಣಿಗೆ.
ಗೊತ್ತಿರುವುದು ಬೇರೆ, ದಾಖಲೆ ಬೇರೆ ಎಂದು
ವಿಶ್ವವಿದ್ಯಾಲಯದ ಧ್ವನಿಯಲ್ಲಿ ಹೇಳಿದೆ.
ಅವಳು ಎದ್ದಳು. ಮೊಣಕಾಲು ಲಟಕ್ಕೆಂದಿತು.
ಅಡ್ಡಣಿಗೆಯ ಹಿಂದಿನಿಂದ ಹಿತ್ತಾಳೆಯ ಡಬ್ಬಿ ತಂದು
ನನ್ನ ಚಿತ್ರದ ಮೇಲೇ ಬೋರಲು ಹಾಕಿದಳು.

ಹುಣಿಸೆ ಬೀಜ.
ದೀಪಾವಳಿಯಿಂದ ಇಲ್ಲಿಯತನಕ
ಅವನು ಸರಿಸಿದ ಒಂದೊಂದು ಕಟ್ಟಿಗೆ ಒಂದೊಂದು.

ರಾತ್ರಿ ಹನ್ನೊಂದರವರೆಗೆ ಎಣಿಸಿದೆ: ಇನ್ನೂರ ಹನ್ನೊಂದು.
ಪಾಸ್‌ಬುಕ್ಕಿನಲ್ಲಿ ಮುನ್ನೂರ ತೊಂಬತ್ತೆಂಟು.
ತಾಳೆಯಾಗದ ನೂರ ಎಂಬತ್ತೇಳನ್ನು
ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಾಗ
ಕೌದಿಯೊಳಗಿಂದ ರೇವಣ್ಯಾ ಅಂದ:
"ಅದರಾಗಿನ್ವು ನಾಕು ನಾ ಒಯ್ದೀನಿ ಅಕ್ಕಾ, ಚೌಕಾಬಾರಾ ಆಡಾಕ."

ಹಾಗಾದರೆ ಇನ್ನೂರ ಹದಿನೈದು.
ಹಾಗಾದರೆ ನೂರ ಎಂಬತ್ಮೂರು.
ಹಾಗಾದರೆ, ಸರ್ ಕೇಳುತ್ತಾರೆ,
ಹುಡುಗನ ಕೈಗೆ ಸಿಗುವ ಡಬ್ಬಿ ಎಂಥ ಪುರಾವೆ?
ಆ ನಾಕು ಬೀಜಕ್ಕೂ ಒಂದು ಚೌಕ ಬರೆದೆ,
ಅದರಲ್ಲಿ ತಮ್ಮನ ಹೆಸರು ತುಂಬಿದೆ. ಅಂಬಾದಾಸನದಲ್ಲದ ಹೆಸರು
ಇಡೀ ಹಾಳೆಯಲ್ಲಿ ಅದೊಂದೇ.

ಬಾಣಕ್ಕೆ ತುದಿ ಹಾಕಲಿಲ್ಲ. ಹೋಗಲಿ ಎರಡು ಅಂಕ.

ಮುಂಜಾನೆ ಬಸ್ಸಿಗೆ ಹೊರಟಾಗ ಕೇಳಿದೆ,
"ಡಬ್ಬಿ ಒಯ್ಲೇನ್ವಾ ಕಾಲೇಜಿಗೆ?"
ಅವ್ವ ಎಲೆಗೆ ನೀರು ಚಿಮುಕಿಸುತ್ತಿದ್ದಳು.
"ಬೀಜ ಬೇಕಾದ್ರ ಅಲ್ಲೇ ಇಟ್ಟು ಬಾ.
ಡಬ್ಬಿ ವಾಪಸ್ ತಾ,
ಅದು ನನ್ನ ಲಗ್ನದಾಗ ಬಂದದ್ದು."